ಆರನೇ ಎಡ್ವರ್ಡ್ ಕೈಗೊಂಬೆ ಆಗಿದ್ನಾ? ಎರಡು ಪದ ಸೇರಿಸಿದ ಹುಡುಗ ರಾಜನ ಕತೆ

2025ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಒಂದು ಹಳೇ ಪೇಂಟಿಂಗ್ ಸುದ್ದಿಗೆ ಬಂತು. ಬೆಡ್‌ಫರ್ಡ್‌ಶೈರ್‌ನ ರೆಸ್ಟ್ ಪಾರ್ಕ್ ಅನ್ನೋ ಹಳೇ ಬಂಗಲೆಯಲ್ಲಿ ಇಟ್ಟಿರೋ ಚಿತ್ರ, ಕಪ್ಪು ಬಟ್ಟೆ ಹಾಕ್ಕೊಂಡು ಹೆಗಲ ಮೇಲೆ ಬಿಳಿ ವಸ್ತ್ರ ಹೊದ್ದಿರೋ ಒಬ್ಬ ಹುಡುಗಿ. ಇದು ಲೇಡಿ ಜೇನ್ ಗ್ರೇ ಬದುಕಿದ್ದಾಗಲೇ ಬರೆದ ಚಿತ್ರ ಇರಬಹುದು ಅಂತ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಹೇಳ್ತು. ಹಲಗೆಯ ಮರದ ಉಂಗುರ ಎಣಿಸಿ ನೋಡಿದ್ರೆ ಅದು 1539ರಿಂದ 1571ರ ನಡುವೆ ಬಳಸಿರಬಹುದಾದ ಓಕ್ ಮರ. ಹಲಗೆ ಹಿಂದೆ ಒಂದು ವ್ಯಾಪಾರಿ ಗುರುತು ಇದೆ, ಅದೇ ಗುರುತು ರಾಜ ಆರನೇ ಎಡ್ವರ್ಡ್‌ನ ಒಂದು ಚಿತ್ರದ ಹಲಗೆ ಮೇಲೂ ಸಿಕ್ಕಿದೆ. ಆ ಹುಡುಗಿಯ ಕಣ್ಣು, ಬಾಯಿ, ಕಿವಿ ಇರೋ ಜಾಗದಲ್ಲಿ ಯಾರೋ ಯಾವತ್ತೋ ಬೇಕಂತಲೇ ಗೀಚಿ ಹಾಳು ಮಾಡಿದ್ದಾರೆ.

ಸುದ್ದಿ ಓದಿದವರಿಗೆ ಗೊಂದಲ ಆಗಿದ್ದು ಇಲ್ಲಿ. ಜೇನ್ ಅಂದ್ರೆ 1553ರ ಜುಲೈನಲ್ಲಿ ಒಂಬತ್ತು ದಿನ ರಾಣಿ ಆಗಿ ಮುಂದಿನ ಫೆಬ್ರವರಿಯಲ್ಲಿ ತಲೆ ಕಳ್ಕೊಂಡವಳು, ಇದು ಎಲ್ಲರೂ ಬರೆದ್ರು. ಆದರೆ ಅವಳನ್ನ ರಾಣಿ ಮಾಡಿದ್ದು ಯಾರು? ಒಂದು ಕಡೆ ಓದಿದ್ರೆ ಅವಳ ಮಾವ, ನಾರ್ತಂಬರ್ಲೆಂಡ್ ಡ್ಯೂಕ್ ಜಾನ್ ಡಡ್ಲಿ ಮಾಡಿದ ಕುತಂತ್ರ ಅಂತ ಇರುತ್ತೆ, ಸಾಯ್ತಾ ಇದ್ದ ಹುಡುಗನ ಕೈ ಹಿಡಿದು ಬರೆಸಿದ ಅಂತ. ಇನ್ನೊಂದು ಕಡೆ ಓದಿದ್ರೆ 15 ವರ್ಷದ ಎಡ್ವರ್ಡೇ ತನ್ನ ಇಬ್ಬರು ಅಕ್ಕಂದಿರು ಮೇರಿ, ಎಲಿಜಬೆತ್ ಇಬ್ಬರನ್ನೂ ಬದಿಗೆ ತಳ್ಳಿ ಹಠ ಹಿಡಿದು ಬರೆದ ಅಂತ ಇರುತ್ತೆ. ಎರಡರಲ್ಲಿ ಒಂದು ಪೂರ್ತಿ ನಿಜ ಆದ್ರೆ ಇನ್ನೊಂದು ಸುಳ್ಳಾಗಬೇಕು. ಹಾಗಾಗಿ ಪೇಂಟಿಂಗ್ ಪಕ್ಕಕ್ಕಿಟ್ಟು ಮೊದಲು ಈ ಹುಡುಗ ಯಾರು ಅಂತ ನೋಡಬೇಕು.

ಒಂಬತ್ತು ವರ್ಷಕ್ಕೆ ಸಿಂಹಾಸನ

ಎಡ್ವರ್ಡ್ ಹುಟ್ಟಿದ್ದು 1537ರ ಅಕ್ಟೋಬರ್ 12ಕ್ಕೆ, ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ. ಹನ್ನೆರಡು ದಿನಕ್ಕೆ ತಾಯಿ ಜೇನ್ ಸೀಮೋರ್ ಬಾಣಂತನದಲ್ಲೇ ತೀರಿಕೊಂಡಳು. ಅಪ್ಪ ಎಂಟನೇ ಹೆನ್ರಿ ಗಂಡು ಮಗು ಬೇಕು ಅಂತ ಮದುವೆ ಮೇಲೆ ಮದುವೆ ಆಗಿ ಪೋಪ್ ಜೊತೆಗೂ ಸಂಬಂಧ ಕಡ್ಕೊಂಡು ಕೊನೆಗೆ ಪಡೆದ ಒಬ್ಬನೇ ಗಂಡು ವಾರಸುದಾರ. ಅಪ್ಪ ಸತ್ತಿದ್ದು 1547ರ ಜನವರಿ 28, ಆಗ ಹುಡುಗನಿಗೆ ಒಂಬತ್ತು ವರ್ಷ.

ಹೆನ್ರಿ ತನ್ನ ವಿಲ್‌ನಲ್ಲಿ 16 ಜನರ ಒಂದು ಗುಂಪು ರಾಜ್ಯ ನೋಡ್ಕೊಳ್ಳಲಿ ಅಂತ ಬರೆದಿದ್ದ. ಆದ್ರೆ ಕೆಲವೇ ದಿನದಲ್ಲಿ ಎಡ್ವರ್ಡ್‌ನ ಸೋದರಮಾವ ಎಡ್ವರ್ಡ್ ಸೀಮೋರ್ ತಾನೇ ಸೋಮರ್‌ಸೆಟ್ ಡ್ಯೂಕ್ ಅಂತಾಗಿ, ರಾಜ್ಯರಕ್ಷಕ ಅನ್ನೋ ಪದವಿ ತಗೊಂಡು ಪೂರ್ತಿ ಅಧಿಕಾರ ಹಿಡಿದ. ಇನ್ನೊಬ್ಬ ಸೋದರಮಾವ ಥಾಮಸ್ ಹುಡುಗನಿಗೆ ಗುಟ್ಟಾಗಿ ಕೈಖರ್ಚಿಗೆ ದುಡ್ಡು ಕೊಟ್ಟು ಒಲಿಸಿಕೊಳ್ಳೋಕೆ ನೋಡಿದ, ಕೊನೆಗೆ 1549ರ ಮಾರ್ಚ್‌ನಲ್ಲಿ ಅವನ ತಲೆ ಹೋಯ್ತು. ಅದೇ ವರ್ಷ ಹೊಸ ಇಂಗ್ಲಿಷ್ ಪ್ರಾರ್ಥನಾ ಪುಸ್ತಕದ ವಿರುದ್ಧ ಪಶ್ಚಿಮದಲ್ಲಿ ದಂಗೆ, ಬೇಲಿ ಹಾಕಿ ಗೋಮಾಳ ಕಿತ್ಕೊಂಡಿದ್ದರ ವಿರುದ್ಧ ನಾರ್ಫೋಕ್‌ನಲ್ಲಿ ದಂಗೆ. ಅಕ್ಟೋಬರ್‌ನಲ್ಲಿ ಸೋಮರ್‌ಸೆಟ್ ಬಿದ್ದ, ಬೀಳೋ ಮುಂಚೆ ಹುಡುಗ ರಾಜನನ್ನ ರಾತ್ರೋರಾತ್ರಿ ವಿಂಡ್ಸರ್ ಕೋಟೆಗೆ ಎಳ್ಕೊಂಡು ಹೋದ, ಅಲ್ಲಿ ಓಡಾಡೋಕೆ ಪಡಸಾಲೆ ಇಲ್ಲ ತೋಟ ಇಲ್ಲ, ಜೈಲಿನಲ್ಲಿದ್ದ ಹಾಗಿದೆ ಅಂತ ಹುಡುಗ ಅಂದನಂತೆ. ಆಮೇಲೆ ಬಂದವನು ಜಾನ್ ಡಡ್ಲಿ. ಸೋಮರ್‌ಸೆಟ್ 1552ರ ಜನವರಿ 22ಕ್ಕೆ ಟವರ್ ಹಿಲ್‌ನಲ್ಲಿ ಕೊಡಲಿಗೆ ತಲೆ ಕೊಟ್ಟ.

ಅಂದ್ರೆ 12 ವರ್ಷದ ಒಳಗೆ ಈ ಹುಡುಗ ಒಬ್ಬ ಸೋದರಮಾವನ ಸಾವು, 14 ವರ್ಷಕ್ಕೆ ಇನ್ನೊಬ್ಬ ಸೋದರಮಾವನ ಸಾವು ನೋಡಿದ್ದಾನೆ, ಎರಡೂ ಅವನ ಹೆಸರಲ್ಲೇ ಆಗಿದ್ದು.

ಒಬ್ಬ ಹುಡುಗ, ಮೂರು ಚಿತ್ರ

ಇವನ ಬಗ್ಗೆ ಮೂರು ಥರದ ಅಭಿಪ್ರಾಯ ಇವತ್ತಿಗೂ ಓಡ್ತಾ ಇವೆ. ಮೊದಲನೇದು ದೇವರಂಥ ಮಗು. ಮುಂದೆ ಎಲಿಜಬೆತ್ ರಾಣಿ ಆಗಿದ್ದ ಕಾಲದಲ್ಲಿ ಜಾನ್ ಫಾಕ್ಸ್ ಬರೆದ ಪ್ರೊಟೆಸ್ಟೆಂಟ್ (ಪೋಪ್‌ನ ಒಪ್ಪದ ಕ್ರೈಸ್ತರು, ಎಡ್ವರ್ಡ್ ಕೂಡ ಅವರಲ್ಲೊಬ್ಬ) ಹುತಾತ್ಮರ ಚರಿತ್ರೆಯಲ್ಲಿ ಎಡ್ವರ್ಡ್ ಕರುಣೆ, ಭಕ್ತಿ, ಪಾಂಡಿತ್ಯ ಎಲ್ಲಾ ತುಂಬಿದ ಬಾಲಕ. ಬೈಬಲ್ಲಿನಲ್ಲಿ ಎಂಟು ವರ್ಷಕ್ಕೆ ಪಟ್ಟಕ್ಕೆ ಬಂದು ವಿಗ್ರಹಗಳನ್ನ ಒಡೆಸಿದ ರಾಜ ಯೋಶೀಯ ಇದ್ದಾನಲ್ಲ, ಅವನಿಗೆ ಎಡ್ವರ್ಡ್‌ನ ಹೋಲಿಸೋದು ಆಗ ರೂಢಿ ಆಗಿತ್ತು. ಪಟ್ಟಾಭಿಷೇಕದ ದಿನ ಆರ್ಚ್‌ಬಿಷಪ್ ಕ್ರಾನ್ಮರ್ ಈ ಹೋಲಿಕೆ ಮಾಡಿ ಭಾಷಣ ಮಾಡಿದ ಅಂತ ಎಷ್ಟೋ ಪುಸ್ತಕದಲ್ಲಿ ಇದೆ, ಆದರೆ ಆ ಭಾಷಣ ಮೊದಲು ಕಾಣಿಸ್ಕೊಂಡಿದ್ದೇ ನೂರಕ್ಕೂ ಹೆಚ್ಚು ವರ್ಷ ಆದ್ಮೇಲೆ, ಅದು 17ನೇ ಶತಮಾನದ ರಾಬರ್ಟ್ ವೇರ್ ಅನ್ನೋವನ ನಕಲಿ ಸೃಷ್ಟಿ ಅಂತ ಇತಿಹಾಸಕಾರ ಡಯರ್ಮೆಯ್ಡ್ ಮಕಲಕ್ ವಾದ ಮಾಡಿದ್ದಾರೆ. ಹೋಲಿಕೆ ಆ ಕಾಲದ್ದೇ, ಆ ಭಾಷಣ ಮಾತ್ರ ನಂಬೋ ಹಾಗಿಲ್ಲ.

ಎರಡನೇದು ಕಲ್ಲೆದೆಯ ಹುಡುಗ. ಇದಕ್ಕೆ ಆಧಾರ ಅವನದೇ ಡೈರಿ, ಮುಂದೆ ನೋಡೋಣ. ಸಾಕಿದ ಗಿಡುಗವನ್ನ ಜೀವಂತ ಇರುವಾಗಲೇ ಪುಕ್ಕ ಕಿತ್ತು ನಾಲ್ಕು ತುಂಡು ಮಾಡಿದ, ನನ್ನನ್ನೂ ಎಲ್ಲರೂ ಹೀಗೆ ಕೀಳ್ತಿದ್ದಾರೆ, ಮುಂದೆ ನಾನೇ ಅವರನ್ನ ಹೀಗೆ ಮಾಡ್ತೀನಿ ಅಂದ ಅಂತ ಒಂದು ಕತೆ ಕೂಡ ಇದೆ. ಅದು ಇಂಗ್ಲೆಂಡಿನ ಹೊರಗಿದ್ದ ಕ್ಯಾಥೊಲಿಕ್ ವಲಯದಲ್ಲಿ ಕೇಳಿದವರಿಂದ ಕೇಳಿ ಬಂದಿದ್ದು, ಅದರ ಮೇಲೆ ಒಬ್ಬ ಮನುಷ್ಯನ ಗುಣ ತೀರ್ಮಾನ ಮಾಡೋದು ತಪ್ಪು.

ಮೂರನೇದು ಕೈಗೊಂಬೆ. 20ನೇ ಶತಮಾನದ ಹಲವು ಇತಿಹಾಸಕಾರರು ಇವನನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ, ಮೊದಲು ಸೋಮರ್‌ಸೆಟ್, ಆಮೇಲೆ ನಾರ್ತಂಬರ್ಲೆಂಡ್ ಡ್ಯೂಕ್ ಡಡ್ಲಿ, ಹುಡುಗ ಬರೀ ಸಹಿ ಹಾಕೋಕೆ ಇದ್ದ ಅಂತ. 1999ರಲ್ಲಿ ಬಂದ ಜೆನಿಫರ್ ಲೋಚ್ ಅವರ ಜೀವನಚರಿತ್ರೆ ಇನ್ನೊಂದು ದಿಕ್ಕಿಂದ ಬಂತು, ಇವನು ಧರ್ಮದ ಹುಚ್ಚು ಹಿಡಿದ ಹುಡುಗ ಅನ್ನೋದಕ್ಕಿಂತ ಕುದುರೆ, ಬಿಲ್ಲು, ಕೋಟೆ, ಯುದ್ಧ ಅಂದ್ರೆ ಕಣ್ಣರಳಿಸೋ ಮಾಮೂಲಿ ಟ್ಯೂಡರ್ ಮನೆತನದ ರಾಜಕುಮಾರ ಅಂತ. ಡೈರಿಯಲ್ಲಿ ಬಿಲ್ಲು ಸ್ಪರ್ಧೆಯಲ್ಲಿ ಒಂದು ಥರದ ಗುರಿಯಲ್ಲಿ ಸೋತೆ, ಇನ್ನೊಂದರಲ್ಲಿ ಗೆದ್ದೆ ಅಂತ ಅವನೇ ಬರ್ಕೊಂಡಿರೋದು ನೋಡಿದ್ರೆ ಲೋಚ್ ಹೇಳಿದ್ದರಲ್ಲಿ ತಿರುಳಿದೆ.

ಡೈರಿಯ ಆ ಸಾಲು

ಕಲ್ಲೆದೆ ಅನ್ನೋ ಆರೋಪಕ್ಕೆ ಎಲ್ಲರೂ ತೋರಿಸೋದು ಒಂದೇ ಸಾಲು. ಸೋದರಮಾವ ಸೋಮರ್‌ಸೆಟ್ ಸತ್ತ ದಿನ ಎಡ್ವರ್ಡ್ ಬರೆದಿದ್ದು ಇಷ್ಟೇ: ಬೆಳಿಗ್ಗೆ ಎಂಟರಿಂದ ಒಂಬತ್ತರ ನಡುವೆ ಟವರ್ ಹಿಲ್‌ನಲ್ಲಿ ಡ್ಯೂಕ್‌ನ ತಲೆ ಕತ್ತರಿಸಲಾಯ್ತು. ಅಳು ಇಲ್ಲ, ಅಯ್ಯೋ ಇಲ್ಲ.

ಆದ್ರೆ ಅದೇ ಡೈರಿಯ ಮೊದಲ ಪುಟ ತೆಗೆದು ನೋಡಬೇಕು. ಅಲ್ಲಿ ಅವನು ತನ್ನ ಹುಟ್ಟನ್ನೇ ಯಾರೋ ಮೂರನೆಯವರ ಕತೆ ಥರ ಬರೆದಿದ್ದಾನೆ, 1537ನೇ ಇಸವಿಯಲ್ಲಿ ರಾಜ ಹೆನ್ರಿಗೆ ರಾಣಿ ಜೇನ್ ಸೀಮೋರ್‌ಳಿಂದ ಒಬ್ಬ ರಾಜಕುಮಾರ ಹುಟ್ಟಿದ ಅಂತ. ಮುಂದೆ ಅದೇ ಉಸಿರಲ್ಲಿ, ಮಗ ಹುಟ್ಟಿದ ಕೆಲವೇ ದಿನದಲ್ಲಿ ಅವಳು ಸತ್ತಳು, ವಿಂಡ್ಸರ್‌ನಲ್ಲಿ ಹೂತರು ಅಂತ. ತನ್ನ ಹೆತ್ತ ತಾಯಿ ಸಾವನ್ನೇ ಈ ಧಾಟಿಯಲ್ಲಿ ಬರೆಯೋ ಹುಡುಗ ಸೋದರಮಾವನ ಸಾವನ್ನ ಬೇರೆ ಹೆಂಗೆ ಬರೀತಾನೆ? ಇದು ಮನಸ್ಸು ಬಿಚ್ಚಿಡೋ ಡೈರಿ ಅಲ್ಲವೇ ಅಲ್ಲ, ಅವನ ಗುರು ಜಾನ್ ಚೀಕ್ ಮತ್ತೆ ಇತರರು ಕಲಿಸಿದ ರಾಜ್ಯ ಆಳೋ ಪಾಠದ ಒಂದು ಭಾಗ, ದಿನದ ಘಟನೆ ದಾಖಲು ಮಾಡೋ ಅಭ್ಯಾಸ. ಅದರಲ್ಲಿ ಭಾವನೆ ಹುಡುಕೋದು ಪಂಚಾಯ್ತಿ ಲೆಕ್ಕದ ಪುಸ್ತಕದಲ್ಲಿ ಕಣ್ಣೀರು ಹುಡುಕಿದ ಹಾಗೆ. ಸೋಮರ್‌ಸೆಟ್ ಹೆಸರು ಬಂದಾಗ ಹುಡುಗ ನಿಟ್ಟುಸಿರು ಬಿಟ್ಟು ಕಣ್ಣೀರು ಹಾಕ್ತಿದ್ದ ಅಂತ 1630ರಲ್ಲಿ ಬಂದ ಜಾನ್ ಹೇವರ್ಡ್ ಚರಿತ್ರೆಯಲ್ಲಿ ಇದೆ, ಅದೂ ತುಂಬಾ ತಡವಾಗಿ ಬಂದ ಮಾತು, ಹಾಗಾಗಿ ಆ ಕಡೆಗೂ ಪೂರ್ತಿ ವಾಲೋಕಾಗಲ್ಲ.

ಕರುಣೆಯ ಕತೆಗೂ ಇದೇ ಗತಿ. 1550ರ ಮೇ 2ಕ್ಕೆ ಜೋನ್ ಬೋಷರ್ ಅನ್ನೋ ಹೆಂಗಸನ್ನ ಧರ್ಮವಿರೋಧಿ ಅಂತ ಜೀವಂತ ಸುಟ್ಟರು, ಏಸು ತನ್ನ ತಾಯಿ ಮೇರಿಯಿಂದ ಮಾನವ ದೇಹ ಪಡೆದಿಲ್ಲ ಅಂತ ಅವಳು ನಂಬಿದ್ದಳು ಅನ್ನೋ ಕಾರಣಕ್ಕೆ. ಫಾಕ್ಸ್ ಪ್ರಕಾರ ಎಡ್ವರ್ಡ್ ವಾರಂಟ್‌ಗೆ ಸಹಿ ಹಾಕೋಕೆ ಒಪ್ಪದೆ ಅತ್ತ, ಕ್ರಾನ್ಮರ್ ಬಹಳ ಕಷ್ಟಪಟ್ಟು ಒಪ್ಪಿಸಿದ. ಆದ್ರೆ ದಾಖಲೆ ಬೇರೆ ಹೇಳುತ್ತೆ, ವಾರಂಟ್ ಹೋಗಿದ್ದು ರಾಜನ ಹೆಸರಲ್ಲಿ ಆಡಳಿತ ನಡೆಸ್ತಿದ್ದ ಕೌನ್ಸಿಲ್‌ನ ಆದೇಶದ ಮೇಲೆ, ಅದಕ್ಕೆ ರಾಜನ ಸಹಿ ಬೇಕಾಗೇ ಇರಲಿಲ್ಲ. ಎಡ್ವರ್ಡ್ ಡೈರಿಯಲ್ಲಿ ಅವಳು ಏನು ನಂಬಿದ್ದಳು, ಸರಿದಾರಿಗೆ ಬಂದಾಳು ಅಂತ ಒಂದು ವರ್ಷ ಇಟ್ಟುಕೊಂಡಿದ್ದರು, ಆಮೇಲೆ ಸುಟ್ಟರು ಅಂತ ಶಾಂತವಾಗಿ ಬರೆದಿದ್ದಾನೆ. ಅಳೋ ಮಗುವಿನ ಚಿತ್ರ ಫಾಕ್ಸ್‌ಗೆ ಬೇಕಿತ್ತು, ಯಾಕಂದ್ರೆ ಮುಂದೆ ರಾಣಿ ಆದ ಅಕ್ಕ ಮೇರಿ ಕಾಲದಲ್ಲಿ ಪ್ರೊಟೆಸ್ಟೆಂಟರನ್ನ ಸುಟ್ಟಿದ್ದನ್ನ ಖಂಡಿಸೋವಾಗ ತಮ್ಮ ಕಡೆಯ ರಾಜನ ಕೈಗೂ ಮಸಿ ಹತ್ತಿದೆ ಅಂತ ಕಾಣಬಾರದಿತ್ತು.

ಅಕ್ಕ ಮೇರಿ ಜೊತೆ ಜಟಾಪಟಿ

ಹಾಗಾದ್ರೆ ಇವನ ಗುಣ ಗೊತ್ತಾಗೋದು ಎಲ್ಲಿ? ಇನ್ನೊಬ್ಬರು ಕಟ್ಟಿದ ಕತೆ ಬಿಟ್ಟು ಅವನು ಪೆನ್ನು ಹಿಡಿದು ಏನು ತಿದ್ದಿದ, ಎಲ್ಲಿ ಪಟ್ಟು ಹಿಡಿದ ಅಂತ ನೋಡಿದ್ರೆ ಒಂದು ದಾರಿ ಸಿಗುತ್ತೆ.

ಮೇರಿ ಅವನಿಗಿಂತ 21 ವರ್ಷ ದೊಡ್ಡವಳು, ತಾಯಿ ಬೇರೆ, ಹೆಚ್ಚು ಕಡಿಮೆ ಅಮ್ಮನ ಜಾಗದಲ್ಲಿದ್ದವಳು. ಚಿಕ್ಕವನಿದ್ದಾಗ ಅವಳಿಗೆ ಬರೆದ ಪತ್ರದಲ್ಲಿ ಒಂದು ಮಾತಿದೆ, ನಾನು ಒಳ್ಳೇ ಬಟ್ಟೆಗಳನ್ನ ಅಪರೂಪಕ್ಕೆ ಹಾಕ್ತೀನಿ ಆದ್ರೂ ಅವೇ ನನಗೆ ಹೆಚ್ಚು ಇಷ್ಟ, ಹಾಗೇ ನಿಮಗೆ ಅಪರೂಪಕ್ಕೆ ಬರೆದ್ರೂ ನಿಮ್ಮನ್ನೇ ಹೆಚ್ಚು ಪ್ರೀತಿಸ್ತೀನಿ ಅಂತ. ಎಂಟು ವರ್ಷದ ಹುಡುಗ ಬರೆದಿದ್ದು. ಅದೇ 1546ರಲ್ಲಿ ಅವನು ಮಲತಾಯಿ ಕ್ಯಾಥರಿನ್ ಪಾರ್‌ಗೆ ಪತ್ರ ಬರೆದು, ಕ್ರೈಸ್ತ ರಾಜಕುಮಾರಿಗೆ ಹೊಂದದ ವಿದೇಶಿ ಕುಣಿತಕ್ಕೆ ಹೋಗಬೇಡ ಅಂತ ಮೇರಿಗೆ ಬುದ್ಧಿ ಹೇಳಿ ಅಂದ. ಪ್ರೀತಿ ಮತ್ತೆ ಉಪದೇಶ ಎರಡೂ ಅವನಲ್ಲಿ ಒಟ್ಟಿಗೇ ಬೆಳೆದಿವೆ, ಒಂದನ್ನ ಬಿಟ್ಟು ಇನ್ನೊಂದನ್ನ ನೋಡಿದ್ರೆ ಹುಡುಗ ಅರ್ಥ ಆಗಲ್ಲ.

1551ರ ಮಾರ್ಚ್‌ನಲ್ಲಿ ಮೇರಿ ಲಂಡನ್‌ಗೆ ಕುದುರೆ ಸವಾರರ ದಂಡು ಕಟ್ಕೊಂಡು, ಎಲ್ಲರ ಕೈಯಲ್ಲೂ ಜಪಸರ ಕಾಣೋ ಹಾಗೆ ಹಿಡಿಸಿ ಬಂದಳು. ತನ್ನ ಮನೆಯಲ್ಲಿ ಹಳೇ ಕ್ಯಾಥೊಲಿಕ್ ಬಲಿಪೂಜೆ ಬಿಡಲ್ಲ ಅನ್ನೋದು ಅವಳ ಪಟ್ಟು. ಅವಳ ಕಡೆ ನಿಂತವನು ಸಾಮಾನ್ಯನಲ್ಲ, ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಐದನೇ ಚಾರ್ಲ್ಸ್, ಅವನ ರಾಯಭಾರಿ ಬಂದು ಯುದ್ಧದ ಬೆದರಿಕೆನೇ ಹಾಕಿದ. ಕೌನ್ಸಿಲ್ ಹೆದರಿ ಬಿಷಪ್‌ಗಳನ್ನ ಕೇಳ್ತು, ಅವರು ಪಾಪಕ್ಕೆ ಅನುಮತಿ ಕೊಡೋದು ಪಾಪ, ಆದ್ರೆ ಸ್ವಲ್ಪ ಕಾಲ ಕಂಡೂ ಕಾಣದ ಹಾಗೆ ಇರಬಹುದು ಅಂದ್ರು. ಬಗ್ಗೋಕೆ ತಯಾರಿರದಿದ್ದವನು ಎಡ್ವರ್ಡ್ ಒಬ್ಬನೇ, ಅವನು ಅತ್ತುಬಿಟ್ಟ ಅಂತ ವರದಿ ಇದೆ. ಇಲ್ಲಿ ಕಾರಣ ಮತ್ತೆ ಪರಿಣಾಮ ಸರಿಯಾಗಿ ಗಮನಿಸಿ. ಹುಡುಗ ಬರೀ ಕೌನ್ಸಿಲ್ ತಾಳಕ್ಕೆ ಕುಣೀತಿದ್ದಿದ್ರೆ ಕೌನ್ಸಿಲ್ ಸಡಿಲ ಆದಾಗ ಅವನೂ ಸಡಿಲ ಆಗಬೇಕಿತ್ತು. ಆಗಲಿಲ್ಲ. ಧರ್ಮದ ವಿಷಯಕ್ಕೆ ಬಂದ್ರೆ 13 ವರ್ಷದ ಹುಡುಗ ತನ್ನ ಸುತ್ತ ಇದ್ದ ದೊಡ್ಡೋರಿಗಿಂತ ಗಟ್ಟಿ ಇದ್ದ.

ಇದೊಂದೇ ಅಲ್ಲ. 1550ರಲ್ಲಿ ಹೂಪರ್ ಅನ್ನೋವರು ಬಿಷಪ್ ಆಗೋವಾಗ ಪ್ರಮಾಣವಚನದಲ್ಲಿ ಸಂತರ ಹೆಸರಿದೆ ಅಂತ ತಕರಾರು ತೆಗೆದಾಗ ಎಡ್ವರ್ಡ್ ತಾನೇ ಪೆನ್ನು ತಗೊಂಡು ಆ ಭಾಗ ಹೊಡೆದು ಹಾಕಿದ ಅಂತ ಆ ಕಾಲದ ಪತ್ರದಲ್ಲಿದೆ. ಗಾರ್ಟರ್ ಅನ್ನೋ ವೀರರ ಪಂಗಡದ ನಿಯಮದಿಂದ ಸಂತ ಜಾರ್ಜ್ ಹೆಸರು ತೆಗೆಯೋಕೆ ಅವನ ಕೈಬರಹದ ಕರಡುಗಳೇ ಉಳಿದಿವೆ.

ಆದ್ರೆ ಹಣಕಾಸು, ಸ್ಕಾಟ್ಲೆಂಡ್ ಯುದ್ಧ, ಯಾರಿಗೆ ಯಾವ ಜಮೀನು, ಇದರಲ್ಲೆಲ್ಲ ಅವನ ಮಾತು ನಡೀತಿತ್ತು ಅನ್ನೋಕೆ ಆಧಾರ ಕಮ್ಮಿ. ಕೈಗೊಂಬೆನಾ ಅಲ್ವಾ ಅನ್ನೋ ಪ್ರಶ್ನೆಗೆ ಒಂದೇ ಉತ್ತರ ಹುಡುಕೋದೇ ತಪ್ಪಾಗೋದು ಇಲ್ಲಿ, ಯಾವ ವಿಷಯ, ಯಾವ ವಯಸ್ಸು ಅಂತ ಕೇಳಬೇಕು.

ಆ ಎರಡು ಪದ

1553ರ ಶುರುವಿನಲ್ಲಿ ಕೆಮ್ಮು ಹತ್ತಿತು, ಬಹುಶಃ ಕ್ಷಯ. ಆ ಹೊತ್ತಲ್ಲಿ ಅವನು ಒಂದು ಕಾಗದ ಬರೆದ, ನನ್ನ ನಂತರ ಪಟ್ಟ ಯಾರಿಗೆ ಅಂತ. ಅಪ್ಪ ಮಾಡಿಸಿದ್ದ ಕಾನೂನು ಪ್ರಕಾರ ಮೊದಲು ಮೇರಿ, ಆಮೇಲೆ ಎಲಿಜಬೆತ್. ಎಡ್ವರ್ಡ್ ಇಬ್ಬರನ್ನೂ ಬಿಟ್ಟ. ಮೇರಿ ಕ್ಯಾಥೊಲಿಕ್ ಸರಿ, ಎಲಿಜಬೆತ್ ಪ್ರೊಟೆಸ್ಟೆಂಟ್ ಅಲ್ವಾ ಅಂತ ಎಲ್ಲರೂ ಕೇಳ್ತಾರೆ. ಕಾರಣ ಏನಂದ್ರೆ ಮೇರಿಯನ್ನ ಧರ್ಮದ ಕಾರಣಕ್ಕೆ ತೆಗೀತೀನಿ ಅಂದ್ರೆ ಕಾನೂನು ಒಪ್ಪಲ್ಲ, ಅಪ್ಪ ಅವಳ ತಾಯಿ ಜೊತೆಗಿನ ಮದುವೆ ರದ್ದು ಮಾಡಿದ್ದ, ಹಾಗಾಗಿ ಅವಳು ಸಕ್ರಮ ಸಂತಾನ ಅಲ್ಲ ಅಂತ ಹೇಳಬೇಕಿತ್ತು. ಆ ಅಳತೆಗೋಲು ಹಿಡಿದ್ರೆ ಎಲಿಜಬೆತ್ ತಾಯಿಯ ಮದುವೆನೂ ರದ್ದಾಗಿತ್ತು, ಅವಳೂ ಹೊರಗೆ. ಇಬ್ಬರೂ ಮುಂದೆ ವಿದೇಶಿಯನ್ನ ಮದುವೆ ಆಗಬಹುದು ಅನ್ನೋ ಭಯ ಬೇರೆ.

ಆಮೇಲೆ ಉಳಿದಿದ್ದು ಅಪ್ಪನ ತಂಗಿಯ ವಂಶ, ಜೇನ್ ಗ್ರೇ ಆ ವಂಶದವಳು. ಅಲ್ಲೂ ಅವನು ಮೊದಲು ಬರೆದಿದ್ದು ಹೆಂಗಸರಿಗಲ್ಲ, ಅವರಿಗೆ ಮುಂದೆ ಹುಟ್ಟೋ ಗಂಡು ಮಕ್ಕಳಿಗೆ. ಲೇಡಿ ಜೇನ್‌ನ ಗಂಡು ವಾರಸುದಾರರಿಗೆ ಅಂತ ಒಂದು ಸಾಲು. ಸಮಸ್ಯೆ ಏನಂದ್ರೆ ಆ ವಂಶದಲ್ಲಿ ಆಗ ಒಬ್ಬ ಗಂಡು ಮಗುವೂ ಇರಲಿಲ್ಲ, ಇವನ ಕಾಯಿಲೆ ಯಾರಿಗೂ ಗಂಡು ಹುಟ್ಟೋವರೆಗೆ ಕಾಯೋ ಹಾಗಿರಲಿಲ್ಲ. ಆಗ ಅದೇ ಸಾಲಲ್ಲಿ ಒಂದು ಅಕ್ಷರ ಹೊಡೆದು, ಮೇಲೆ ಎರಡು ಪುಟ್ಟ ಪದ ತುರುಕಿ, ಲೇಡಿ ಜೇನ್ ಮತ್ತು ಅವಳ ಗಂಡು ವಾರಸುದಾರರಿಗೆ ಅಂತ ಮಾಡಿದ. ಅಷ್ಟೇ ತಿದ್ದುಪಡಿ. ಓದ್ತಾ ಬರೀತಾ ಇದ್ದ ಒಬ್ಬ ಹದಿಹರೆಯದ ಹುಡುಗಿ ಆ ಎರಡು ಪದದಿಂದ ಸಿಂಹಾಸನಕ್ಕೂ ಆಮೇಲೆ ವಧಾಸ್ಥಾನಕ್ಕೂ ಹೋದಳು.

ಇದನ್ನ ಬರೆಸಿದ್ದು ಡಡ್ಲಿನಾ? ಮೇ ತಿಂಗಳಲ್ಲಿ ಜೇನ್ ಅವನ ಮಗ ಗಿಲ್ಡ್‌ಫರ್ಡ್‌ನ ಮದುವೆ ಆಗಿದ್ದಳು, ಹಾಗಾಗಿ ಲಾಭ ಯಾರಿಗೆ ಅನ್ನೋದು ಕಣ್ಣಿಗೆ ಹೊಡೆಯೋ ಹಾಗಿದೆ. ಮುಖ್ಯ ನ್ಯಾಯಾಧೀಶ ಎಡ್ವರ್ಡ್ ಮಾಂಟಗ್ಯು ಇದು ದೇಶದ್ರೋಹ ಆಗುತ್ತೆ, ಪಾರ್ಲಿಮೆಂಟ್ ಮಾಡಿದ ಕಾನೂನನ್ನ ಹೀಗೆ ಮುರಿಯೋಕಾಗಲ್ಲ ಅಂದಾಗ ಡಡ್ಲಿ ಸಿಟ್ಟಲ್ಲಿ ನಡುಗ್ತಾ ಅವನನ್ನೇ ದ್ರೋಹಿ ಅಂದ. ಆದ್ರೆ ಅದೇ ಮಾಂಟಗ್ಯು ಹೇಳಿಕೆಯಲ್ಲೇ ರಾಜ ತಾನೇ ಮುಖ ಗಂಟು ಹಾಕ್ಕೊಂಡು ಖಾರವಾಗಿ ಆಜ್ಞೆ ಮಾಡಿದ ಅಂತಲೂ ಇದೆ. ಆರ್ಚ್‌ಬಿಷಪ್ ಕ್ರಾನ್ಮರ್ ಕೂಡ ರಾಜನೇ ಕೇಳಿದ್ದಕ್ಕೆ ಸಹಿ ಹಾಕಿದೆ ಅಂದ, ರಾಜನ ಜೊತೆ ಒಬ್ಬನೇ ಮಾತಾಡೋಕೆ ಬಿಡಲಿಲ್ಲ ಅಂತಲೂ ಅಂದ. ಇಬ್ಬರೂ ಇದನ್ನ ಹೇಳಿದ್ದು ಮೇರಿ ಗೆದ್ದ ಮೇಲೆ, ಪ್ರಾಣ ಉಳಿಸ್ಕೊಳ್ಳೋ ಹೊತ್ತಲ್ಲಿ, ಅದನ್ನ ಮರೀಬಾರದು. ಆದ್ರೂ ಎಲ್ಲಾ ಕೂಡಿಸಿ ನೋಡಿದ್ರೆ ಡಡ್ಲಿ ಒತ್ತಾಯ ಇತ್ತು, ಹುಡುಗನ ಇಚ್ಛೆನೂ ಇತ್ತು, ಎರಡೂ ಒಂದೇ ದಿಕ್ಕಿಗೆ ಎಳೆದವು. ಜೂನ್ 21ಕ್ಕೆ ಹೊರಟ ರಾಜಪತ್ರಕ್ಕೆ ನೂರಕ್ಕೂ ಹೆಚ್ಚು ಜನ ಸಹಿ ಹಾಕಿದ್ರು. ಜುಲೈ 6ಕ್ಕೆ ಗ್ರೀನಿಚ್ ಅರಮನೆಯಲ್ಲಿ ಎಡ್ವರ್ಡ್ ಸತ್ತ, 19ಕ್ಕೆ ಲಂಡನ್ ಮೇರಿಯನ್ನ ರಾಣಿ ಅಂತ ಸಾರಿತು.

ಗೂಬೆ ಡಡ್ಲಿ ಮೇಲೆ ಕೂತಿದ್ದು ಯಾಕೆ

ಸತ್ತ ತಮ್ಮನೇ ನನ್ನನ್ನ ಬೇಡ ಅಂದ ಅಂತ ಮೇರಿ ಹೇಳೋ ಹಾಗಿರಲಿಲ್ಲ, ರಾಜನ ಇಚ್ಛೆ ಅಂದ್ರೆ ಅವಳ ಹಕ್ಕಿಗೇ ಪೆಟ್ಟು. ಎಲಿಜಬೆತ್‌ಗೂ ಅದೇ ಕಷ್ಟ, ಅವಳನ್ನೂ ತಮ್ಮ ಹೊರಗಿಟ್ಟಿದ್ದ. ಪ್ರೊಟೆಸ್ಟೆಂಟರಿಗೆ ತಮ್ಮ ಬಾಲ ಸಂತ ಕಾನೂನು ಮುರಿದ ಅಂತ ಒಪ್ಕೊಳ್ಳೋಕೆ ಮನಸ್ಸಿಲ್ಲ. ಡಡ್ಲಿ ಆಗಸ್ಟ್ 22ಕ್ಕೇ ತಲೆ ಕಳ್ಕೊಂಡಿದ್ದ, ತನ್ನ ಪರ ಮಾತಾಡೋಕೆ ಇರಲಿಲ್ಲ. ಅಕ್ಕಂದಿರಿಗೂ ಪಾದ್ರಿಗಳಿಗೂ ಬೇಕಾದ ಅಪರಾಧಿ ಅವನೇ ಆದ, ಎಡ್ವರ್ಡ್ ಮುಗ್ಧ ಮಗು ಆಗಿ ಉಳಿದ. ಕೈಗೊಂಬೆ ಅನ್ನೋ ಹೆಸರು ಹುಟ್ಟಿದ್ದು ಹೀಗೆ, ಅವನನ್ನ ಕಾಪಾಡೋಕೆ ಹೊರಟವರೇ ಅವನ ಬುದ್ಧಿಯನ್ನ ಕಿತ್ಕೊಂಡರು.

ಶಾಲೆಗಳ ವಿಷಯಕ್ಕೂ ಒಂದು ಮಾತು. ಇಂಗ್ಲೆಂಡಿನಲ್ಲಿ ಇವತ್ತೂ ಅವನ ಹೆಸರಿನ ಶಾಲೆಗಳಿವೆ, ಬರ್ಮಿಂಗ್‌ಹ್ಯಾಮ್‌ನದ್ದು 1552ರದ್ದು. ಸತ್ತವರ ಆತ್ಮಕ್ಕೆ ಪ್ರಾರ್ಥಿಸೋಕೆ ಬಿಟ್ಟ ದತ್ತಿಗಳನ್ನ 1547ರ ಕಾನೂನಿನಲ್ಲಿ ಮುಚ್ಚಿದಾಗ ಅದಕ್ಕೆ ಅಂಟಿಕೊಂಡಿದ್ದ ಎಷ್ಟೋ ಶಾಲೆಗಳೂ ಅತಂತ್ರ ಆದವು, ಬಂದ ದುಡ್ಡಲ್ಲಿ ಬಹಳಷ್ಟು ಯುದ್ಧಕ್ಕೆ ಹೋಯ್ತು, ಊರಿನವರು ಹೋರಾಡಿ ಮತ್ತೆ ಪಡೆದ ಶಾಲೆಗೆ ರಾಜನ ಹೆಸರು ಬಂತು. ಲಂಡನ್ನಿನ ಅನಾಥ ಮಕ್ಕಳ ಕ್ರೈಸ್ಟ್ಸ್ ಹಾಸ್ಪಿಟಲ್ ಅನ್ನೋ ಶಾಲೆಯ ಸನ್ನದಿಗೆ ಮಾತ್ರ ಅವನು ಸಹಿ ಹಾಕಿದ್ದು 1553ರ ಜೂನ್ 26ಕ್ಕೆ, ಸಾಯೋ ಹತ್ತು ದಿನ ಮುಂಚೆ. ಅವನ ಸಮಾಧಿಗೆ ನಾಲ್ಕು ಶತಮಾನ ಗುರುತಿನ ಕಲ್ಲೇ ಇರಲಿಲ್ಲ, 1966ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಕಲ್ಲು ಹಾಕಿಸಿದ್ದು ಆ ಶಾಲೆಯವರು.

ಇನ್ನು ಮುಂದೆ

ಎಡ್ವರ್ಡ್ ಕಾಗದದಲ್ಲಿ ಎರಡು ಭಯ ಇದ್ದವು, ಹೆಂಗಸು ಆಳೋದು, ಕ್ಯಾಥೊಲಿಕ್ ಆಳೋದು. ಮೊದಲನೇದು ಬ್ರಿಟನ್ ಕಾನೂನಿನಿಂದ ಪೂರ್ತಿ ಹೋಗಿದ್ದು 2013ರ ಕಾಯ್ದೆಯಿಂದ, ತಮ್ಮ ಹುಟ್ಟಿದ ಅಂತ ಅಕ್ಕ ಈಗ ಹಿಂದೆ ಸರಿಯಬೇಕಿಲ್ಲ. ಎರಡನೇದು ಇನ್ನೂ ಇದೆ, ರಾಜಮನೆತನದವರು ಕ್ಯಾಥೊಲಿಕರನ್ನ ಮದುವೆ ಆಗಬಹುದು, ಕ್ಯಾಥೊಲಿಕ್ ಆದವರು ಪಟ್ಟಕ್ಕೆ ಬರೋ ಹಾಗಿಲ್ಲ.

ಪೇಂಟಿಂಗ್ ವಿಷಯಕ್ಕೆ ಬಂದ್ರೆ, ಅದು ಜೇನ್ ಅಂತ ಗಟ್ಟಿಯಾಗಿ ಸಾಬೀತಾದ್ರೆ ಅವಳನ್ನ ಎದುರು ಕೂರಿಸ್ಕೊಂಡು ಬರೆದ ಚಿತ್ರ ಅಂತ ತೋರಿಸೋಕೆ ಒಂದು ಮುಖ ಸಿಗುತ್ತೆ. ಆಗ ಮತ್ತೆ ಅವಳನ್ನ ಬಲಿಪಶು, ಡಡ್ಲಿಯನ್ನ ಖಳ ಅಂತ ಹೇಳೋ ಕತೆಗೇ ಬೆಲೆ ಬರೋ ಸಾಧ್ಯತೆ ಹೆಚ್ಚು, ಎಡ್ವರ್ಡ್ ಮತ್ತೆ ಹಿಂದಿನ ಸಾಲಿಗೆ. ಚಿತ್ರದ ಕೆಳಗೆ ಬರೆಯೋ ನಾಲ್ಕು ಸಾಲಿನ ಫಲಕದಲ್ಲಿ ಅವಳನ್ನ ಆರಿಸಿದವನ ಹೆಸರು ಇರುತ್ತಾ ಅನ್ನೋದನ್ನ ನೋಡಬೇಕು. ಅವನು ಬರೆದ ಹಾಳೆ ಲಂಡನ್ನಿನ ಇನ್ನರ್ ಟೆಂಪಲ್ ಲೈಬ್ರರಿಯಲ್ಲಿ ಇದೆ, ಹೊಡೆದು ಹಾಕಿದ ಅಕ್ಷರ, ಸಾಲಿನ ಮೇಲೆ ತುರುಕಿದ ಎರಡು ಪದ, ಇವತ್ತೂ ಓದೋಕೆ ಬರುತ್ತೆ.